ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ರಿಕ್ರೂಟಿಂಗ್: ಹೈಸ್ಕೂಲ್ ಆಟಗಾರರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹೈಸ್ಕೂಲಿನಲ್ಲಿ ಆಡುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಕರ್ನಾಟಕದಿಂದ ನೇರವಾಗಿ ಹೋಗಬೇಕೆಂದಿರುವವರ ಪ್ರಶ್ನೆಗೆ ಕೊನೆಯ ಭಾಗದಲ್ಲಿ ಉತ್ತರವಿದೆ. ಇಲ್ಲಿರುವುದು 2025-26ರ ಸುಮಾರಿನ ನಿಯಮಗಳು. ಇವು ಮೇಲಿಂದ ಮೇಲೆ ಬದಲಾಗುತ್ತವೆ. ಯಾವ ಕಾಗದಕ್ಕೇ ಆಗಲಿ ಸಹಿ ಹಾಕುವ ಮೊದಲು, ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆಯಾದ ಎನ್‌ಸಿಎಎಯ ಆ ವರ್ಷದ ಕೈಪಿಡಿ ನೋಡಿಕೊಳ್ಳಿ.

ನಮ್ಮ ಮಗ ಶಾಲಾ ತಂಡದ ಸ್ಟಾರ್. ಕಾಲೇಜಿನವರು ತಾವಾಗಿಯೇ ಹುಡುಕಿಕೊಂಡು ಬರುವುದಿಲ್ಲವೇ?

ದೇಶದ ಮೊದಲ ನೂರು ಹುಡುಗರಲ್ಲಿ ಒಬ್ಬನಾಗಿದ್ದರೆ ಬರುತ್ತಾರೆ. ಉಳಿದವರು ತಾವೇ ಎದ್ದು ಕಾಣುವಂತೆ ಮಾಡಿಕೊಳ್ಳಬೇಕು. ಶಾಲಾ ಲೀಗಿನಲ್ಲಿ ಪಂದ್ಯಕ್ಕೆ 25 ಪಾಯಿಂಟ್ ಹೊಡೆಯುವವನು ಎಂದಷ್ಟೇ ಹೇಳಿದರೆ ಕೋಚ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎದುರಾಳಿ ಯಾರಿದ್ದರು ಎನ್ನುವುದೇ ಅವರ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ಎತ್ತರದ್ದು, ಮನೆಯವರು ಎಡವುವುದು ಇಲ್ಲಿಯೇ. 6 ಅಡಿ 4 ಇಂಚಿನ ಹುಡುಗ ಊರಿನ ಶಾಲೆಯಲ್ಲಿ ಸೆಂಟರ್ ಆಗಿ ಬುಟ್ಟಿಯ ಕೆಳಗೆ ನಿಂತು ಆಡುತ್ತಾನೆ. ಕಾಲೇಜು ಆಟದ ಅತಿ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಆ ಎತ್ತರದವರು ಗಾರ್ಡ್‌ಗಳು. ಚೆಂಡು ಡ್ರಿಬಲ್ ಮಾಡಿಕೊಂಡು ಅಂಗಳ ದಾಟಲು, ದೂರದಿಂದ ಹೊಡೆಯಲು, ವೇಗದ ಗಾರ್ಡ್‌ಗಳನ್ನು ತಡೆಯಲು ಅವನಿಗೆ ಬರಬೇಕು. ಹೈಸ್ಕೂಲಿನ ತ್ರೀ-ಪಾಯಿಂಟ್ ಗೆರೆ 19 ಅಡಿ 9 ಇಂಚಿನಲ್ಲಿದೆ, ಕಾಲೇಜಿನದು 22 ಅಡಿ ಒಂದೂಮುಕ್ಕಾಲು ಇಂಚಿನಲ್ಲಿ. ಈ ಸುಮಾರು 2 ಅಡಿ 5 ಇಂಚು ಹಿಂದಕ್ಕೆ ಸರಿದ ಕೂಡಲೇ ಎಷ್ಟೋ ಮಕ್ಕಳ ಶಾಟ್ ಬುಟ್ಟಿಯ ಮುಂಭಾಗಕ್ಕೆ ಬಡಿದು ಬೀಳುತ್ತದೆ. ಒಂಬತ್ತನೇ ತರಗತಿಯಿಂದಲೇ ಕಾಲೇಜು ಗೆರೆಯಿಂದ ಅಭ್ಯಾಸ ಮಾಡಿಸಿ.

ಡಿವಿಷನ್ 1, 2, 3 ಎಂದರೇನು? ದುಡ್ಡು ಎಲ್ಲಿ ಸಿಗುತ್ತದೆ?

ಇವು ಎನ್‌ಸಿಎಎಯ ಮೂರು ಹಂತಗಳು. ಡಿವಿಷನ್ 1ರಲ್ಲಿ ಮುನ್ನೂರ ಅರವತ್ತರ ಆಸುಪಾಸು ಕಾಲೇಜುಗಳಿವೆ (ಅಲ್ಲಿ ಕಾಲೇಜನ್ನೂ ಶಾಲೆ ಎನ್ನುತ್ತಾರೆ). 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಸೇರಿಕೊಂಡ ಶಾಲೆಗಳಲ್ಲಿ ತಂಡಕ್ಕೆ 15 ಆಟಗಾರರ ಮಿತಿ ಇದೆ. ಆ 15 ಜನರಿಗೂ ಸ್ಕಾಲರ್‌ಶಿಪ್ ಕೊಡಬಹುದು, ಕೊಡಲೇಬೇಕೆಂದಿಲ್ಲ. ಸೇರದ ಶಾಲೆಗಳಲ್ಲಿ ಪುರುಷರ ತಂಡಕ್ಕೆ ಹಳೆಯ 13ರ ಲೆಕ್ಕವೇ ನಡೆಯುತ್ತದೆ. ಡಿವಿಷನ್ 2ರಲ್ಲಿ ತಂಡಕ್ಕೆ 10 ಪೂರ್ಣ ಸ್ಕಾಲರ್‌ಶಿಪ್‌ನಷ್ಟು ಹಣವಿರುತ್ತದೆ. ಅದನ್ನು ಹದಿನೈದು ಹದಿನಾರು ಮಕ್ಕಳಿಗೆ ಹಂಚುವುದರಿಂದ ಒಬ್ಬೊಬ್ಬರಿಗೆ ಅರ್ಧ, ಮುಕ್ಕಾಲು ಸಿಗುವುದೇ ಹೆಚ್ಚು. ಡಿವಿಷನ್ 3ರಲ್ಲಿ ಆಟಕ್ಕೆಂದು ಒಂದು ಡಾಲರೂ ಇಲ್ಲ. ಐವಿ ಲೀಗಿನ ಎಂಟು ಶಾಲೆಗಳು ಡಿವಿಷನ್ 1ರಲ್ಲಿದ್ದರೂ ಆಟದ ಸ್ಕಾಲರ್‌ಶಿಪ್ ಕೊಡುವುದಿಲ್ಲ.

ಹಾಗೆಂದು ಡಿವಿಷನ್ 3ನ್ನು ತಳ್ಳಿಹಾಕುವುದು ದಡ್ಡತನ. ಓದಿನಲ್ಲಿ ಚುರುಕಾದ ಮಗುವಿಗೆ ಅಲ್ಲಿ ಮೆರಿಟ್ ಮತ್ತು ಕುಟುಂಬದ ಆದಾಯ ನೋಡಿ ಕೊಡುವ ನೆರವು ಸೇರಿದರೆ, ಡಿವಿಷನ್ 2ರ ಅರ್ಧ ಸ್ಕಾಲರ್‌ಶಿಪ್‌ಗಿಂತ ಕಡಿಮೆ ಖರ್ಚಾಗುವುದುಂಟು. ಇಲ್ಲಿ ಕೇಳಬೇಕಾದದ್ದು "ಪ್ರೀ-ರೀಡ್". ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ), ಪರೀಕ್ಷೆಯ ಅಂಕ ಮತ್ತು ಹನ್ನೆರಡನೇ ತರಗತಿಗೆ ಆರಿಸಿಕೊಂಡ ವಿಷಯಗಳ ಪಟ್ಟಿಯನ್ನು ಕೋಚ್‌ಗೆ ಕೊಟ್ಟರೆ, ಅವರು ಅದನ್ನು ಅಡ್ಮಿಷನ್ ಕಚೇರಿಗೆ ತೋರಿಸಿ ಸೀಟು ಸಿಗುವ ಸಾಧ್ಯತೆ ಎಷ್ಟೆಂದು ತಿಳಿಸುತ್ತಾರೆ. ಖರ್ಚಿನ ಅಂದಾಜನ್ನೂ ಆಗಲೇ ಕೇಳಿಬಿಡಿ. ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಸೇರಲೇಬೇಕಾದ ಅರ್ಜಿ) ಹಾಕಿದ ಮೇಲೆ ಚೌಕಾಸಿಗೆ ಜಾಗವಿರುವುದಿಲ್ಲ.

ಕಾಲೇಜು ಕೋಚ್‌ಗಳು ಯಾವಾಗಿನಿಂದ ಮಾತಾಡಬಹುದು?

ಡಿವಿಷನ್ 1 ಹುಡುಗರಿಗೆ ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ರಿಂದ, ಹುಡುಗಿಯರಿಗೆ ಜೂನ್ 1ರಿಂದ. ಅದಕ್ಕೆ ಮೊದಲು ನಿಮ್ಮ ಮಗಳು ಹತ್ತು ಇಮೇಲ್ ಕಳಿಸಿದರೂ ಅವರು ಉತ್ತರಿಸುವಂತಿಲ್ಲ. ಆಸಕ್ತಿಯಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ, ಓದುವುದಕ್ಕೆ ಅಡ್ಡಿಯಿಲ್ಲ. ಆ ಅವಧಿಯಲ್ಲಿ ಪ್ರಶ್ನಾವಳಿ, ಕ್ಯಾಂಪಿನ ಕರಪತ್ರ ಬರಬಹುದು, ಶಾಲೆಯ ಕೋಚ್ ಮೂಲಕ ವಿಚಾರಣೆಯೂ ನಡೆಯಬಹುದು. ಜೂನ್ 15ರ ಬೆಳಿಗ್ಗೆ ಯಾರ ಮೆಸೇಜ್ ಬಂತು, ಯಾರದು ಬರಲಿಲ್ಲ ಎಂದು ಬರೆದಿಟ್ಟುಕೊಳ್ಳಿ.

ಎಎಯು ತಂಡದಲ್ಲಿ ಆಡಲೇಬೇಕೆ? ಖರ್ಚು ವಿಪರೀತ.

ಎಎಯು ಎಂದರೆ ಶಾಲೆಯ ಹೊರಗಿನ ಕ್ಲಬ್ ತಂಡಗಳ ಆಟ. ಡಿವಿಷನ್ 1 ಗುರಿಯಾದರೆ ಬಹುತೇಕ ಬೇಕೇ ಬೇಕು, ಕಾರಣ ಕ್ಯಾಲೆಂಡರಿನಲ್ಲಿದೆ. ಶಾಲಾ ಋತು ನಡೆಯುವಾಗ ಕಾಲೇಜು ಕೋಚ್‌ಗಳ ಋತುವೂ ನಡೆಯುತ್ತಿರುತ್ತದೆ. ಅವರು ಹೊರಗೆ ಬಂದು ನೋಡುವುದು ಮುಖ್ಯವಾಗಿ ವಸಂತ ಮತ್ತು ಜುಲೈನ "ಲೈವ್" ವಾರಾಂತ್ಯಗಳಲ್ಲಿ, ಅದೂ ಎನ್‌ಸಿಎಎ ಪ್ರಮಾಣೀಕರಿಸಿದ ಟೂರ್ನಿಗಳಲ್ಲಿ ಮಾತ್ರ. ನೈಕಿಯ ಇವೈಬಿಎಲ್, ಅಡಿಡಾಸ್‌ನ 3ಎಸ್‌ಎಸ್‌ಬಿ, ಅಂಡರ್ ಆರ್ಮರ್ ಅಸೋಸಿಯೇಷನ್, ಪೂಮಾ ಪ್ರೋ16 ಎಂಬ ಶೂ ಕಂಪನಿಗಳ ಸರಣಿಗಳಲ್ಲಿ ಒಂದೇ ಅಂಗಳದ ಸುತ್ತ ಹತ್ತಾರು ಕೋಚ್‌ಗಳು ಕುಳಿತಿರುತ್ತಾರೆ. ಇವೈಬಿಎಲ್‌ನ ಪೀಚ್ ಜ್ಯಾಮ್ ಸೌತ್ ಕ್ಯಾರೊಲೈನಾದ ನಾರ್ತ್ ಅಗಸ್ಟಾದಲ್ಲಿ ಜುಲೈನಲ್ಲಿ ನಡೆಯುತ್ತದೆ.

ದುಡ್ಡು ಕಟ್ಟುವ ಮೊದಲು ತಂಡದವರನ್ನು ಇಷ್ಟು ಕೇಳಿ: ಈ ವರ್ಷ ಯಾವ ಲೈವ್ ವಾರಾಂತ್ಯದಲ್ಲಿ, ಯಾವ ಪ್ರಮಾಣೀಕೃತ ಟೂರ್ನಿಯಲ್ಲಿ ಆಡುತ್ತೀರಿ? ನನ್ನ ಮಗನ ಜಾಗದಲ್ಲಿ ಇನ್ನೆಷ್ಟು ಜನರಿದ್ದಾರೆ? ದೊಡ್ಡ ಹೆಸರಿನ ತಂಡದಲ್ಲಿ ಪಂದ್ಯಕ್ಕೆ ಐದು ನಿಮಿಷ ಆಡುವುದಕ್ಕಿಂತ, ಪ್ರಾಯೋಜಕರಿಲ್ಲದ ಸಾಧಾರಣ ತಂಡದಲ್ಲಿ ಇಪ್ಪತ್ತು ನಿಮಿಷ ಆಡುವುದು ಮೇಲು. ಹುಡುಗನ ಮಟ್ಟ ಡಿವಿಷನ್ 3 ಎಂದು ಗೊತ್ತಿದ್ದರೆ ಊರೂರು ಸುತ್ತುವ ಖರ್ಚು ಬೇಡ. ತನಗೆ ಬೇಕಾದ ಐದಾರು ಕಾಲೇಜುಗಳೇ ನಡೆಸುವ ಬೇಸಿಗೆ ಕ್ಯಾಂಪಿಗೆ ಹೋಗಲಿ.

ವಿಡಿಯೊ ಹೇಗಿರಬೇಕು?

ಮೂರರಿಂದ ನಾಲ್ಕು ನಿಮಿಷ. ಮೊದಲ ಪರದೆಯಲ್ಲಿ ಹೆಸರು, ಯಾವ ವರ್ಷ ಹೈಸ್ಕೂಲ್ ಮುಗಿಯುತ್ತದೆ, ಶೂ ಇಲ್ಲದೆ ಅಳೆದ ಎತ್ತರ, ಎರಡು ಕೈ ಚಾಚಿದ ಅಗಲ, ಜಿಪಿಎ (ಗ್ರೇಡುಗಳ ಸರಾಸರಿ), ಶಾಲೆ ಮತ್ತು ಎಎಯು ಕೋಚ್‌ಗಳ ಫೋನ್. ಎರಡಿಂಚು ಸೇರಿಸಿ ಬರೆಯುವ ಚಾಳಿ ಬಿಡಿ. ಕ್ಯಾಂಪಿನಲ್ಲಿ ಗೋಡೆಗೆ ನಿಲ್ಲಿಸಿ ಅಳೆದ ದಿನ ಎತ್ತರದ ಜೊತೆ ಉಳಿದೆಲ್ಲದರ ಮೇಲಿನ ನಂಬಿಕೆಯೂ ಹೋಗುತ್ತದೆ.

ಅತ್ಯುತ್ತಮ ಎಂಟು ಹತ್ತು ತುಣುಕುಗಳನ್ನು ಮೊದಲ ಒಂದು ನಿಮಿಷದಲ್ಲೇ ಇಡಿ, ಕೊನೆಗೆಂದು ಉಳಿಸಬೇಡಿ. ಪ್ರತಿ ತುಣುಕಿನ ಆರಂಭದಲ್ಲಿ ಅರೆಕ್ಷಣ ನಿಲ್ಲಿಸಿ ಆಟಗಾರನ ಸುತ್ತ ಒಂದು ವೃತ್ತ ಹಾಕಿ. ಇಡೀ ಅಂಗಳ ಕಾಣುವಂತೆ ಮೇಲಿನ ಸಾಲಿನಿಂದ ತೆಗೆದ ದೃಶ್ಯವೇ ಬೇಕು. ಅಪ್ಪ ಬೇಸ್‌ಲೈನ್ ಪಕ್ಕದಲ್ಲಿ ಮೊಬೈಲ್ ಹಿಡಿದು, ಮಗನನ್ನಷ್ಟೇ ಜೂಮ್ ಮಾಡಿ ತೆಗೆದದ್ದರಲ್ಲಿ ಡಿಫೆನ್ಸ್ ಎಲ್ಲಿತ್ತೆಂದೇ ತಿಳಿಯುವುದಿಲ್ಲ. ಹಾಡು ಬೇಡ. ಡಂಕ್ ಎರಡು ಸಾಕು.

ಇದರ ಜೊತೆ ಎರಡು ಪೂರ್ತಿ ಪಂದ್ಯದ ಲಿಂಕ್ ಕೊಡಿ, ಅದರಲ್ಲಿ ಒಂದು ಬಲವಾದ ಎದುರಾಳಿಯ ಮೇಲೆ ಆಡಿದ್ದಾಗಿರಲಿ. ಹೈಲೈಟ್ ನೋಡಿ ಇಷ್ಟಪಟ್ಟ ಕೋಚ್ ಮುಂದೆ ಕೇಳುವುದು ಅದನ್ನೇ. ಚೆಂಡು ಕೈತಪ್ಪಿದ ಮೇಲೆ ಹಿಂದಕ್ಕೆ ಓಡುತ್ತಾನೋ, ರೆಫರಿಯತ್ತ ಕೈ ಚೆಲ್ಲಿ ನಿಲ್ಲುತ್ತಾನೋ? ಬೆಂಚಿಗೆ ಕರೆದಾಗ ಮುಖ ಹೇಗಿರುತ್ತದೆ? ಇವಕ್ಕೆಲ್ಲ ಉತ್ತರ ಇಡೀ ಪಂದ್ಯದಲ್ಲಿ ಮಾತ್ರ ಸಿಗುತ್ತದೆ.

ಇಮೇಲ್ ಯಾರು ಬರೆಯಬೇಕು? ಏನೆಂದು?

ಮಗ ಅಥವಾ ಮಗಳೇ ಬರೆಯಬೇಕು. ನಮ್ಮ ಕಡೆ ಅಪ್ಪಂದಿರು ಮಗನ ಹೆಸರಿನಲ್ಲಿ ಬರೆಯುವುದುಂಟು, ಎರಡನೇ ವಾಕ್ಯಕ್ಕೇ ಕೋಚ್‌ಗೆ ಗೊತ್ತಾಗುತ್ತದೆ.

ವಿಷಯದ ಸಾಲಿನಲ್ಲಿ ಪಾಸಾಗುವ ವರ್ಷ, ಎತ್ತರ, ಆಡುವ ಜಾಗ, ಊರು, ಜಿಪಿಎ ಇರಲಿ. ಒಳಗೆ ಆರು ಸಾಲು ಸಾಕು: ನಿಮ್ಮ ತಂಡವೇ ಏಕೆ ಎಂಬುದಕ್ಕೆ ನಿಜವಾದ ಒಂದು ಕಾರಣ, ವಿಡಿಯೊ ಲಿಂಕ್, ಮುಂದಿನ ಟೂರ್ನಿಯ ಹೆಸರು, ದಿನ, ಗಂಟೆ, ಅಂಗಳದ ಸಂಖ್ಯೆ, ಜೆರ್ಸಿ ಸಂಖ್ಯೆ. ಒಂದೇ ಕಟ್ಟಡದಲ್ಲಿ ಹನ್ನೆರಡು ಅಂಗಳಗಳಲ್ಲಿ ಪಂದ್ಯ ನಡೆಯುವಾಗ ಅಂಗಳದ ಸಂಖ್ಯೆ ಕೊಡದಿದ್ದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಮುಖ್ಯ ಕೋಚ್‌ಗಿಂತ ರಿಕ್ರೂಟಿಂಗ್ ನೋಡಿಕೊಳ್ಳುವ ಅಸಿಸ್ಟೆಂಟ್‌ಗೆ ಕಳಿಸಿ. ಉತ್ತರ ಬರದಿದ್ದರೆ ನಾಲ್ಕೈದು ವಾರ ಬಿಟ್ಟು ಹೊಸ ವಿಡಿಯೊ ಸಮೇತ ಮತ್ತೆ ಬರೆಯಲಿ.

ಪತ್ರ ಬಂದಿದೆ, ಫೋನ್ ಬಂದಿದೆ, "ಆಫರ್" ಎಂದೂ ಹೇಳಿದರು. ಇದರಲ್ಲಿ ಯಾವುದು ಗಟ್ಟಿ?

ಸಹಿಗೆಂದು ಕೊಟ್ಟ ಕಾಗದ ಮಾತ್ರ. ಕ್ಯಾಂಪಿನ ಆಹ್ವಾನ ಸಾವಿರ ಜನರಿಗೆ ಹೋಗುತ್ತದೆ, ಅದು ತಂಡದ ಆದಾಯದ ಬಾಬತ್ತು. ಹೆಸರು ಹಿಡಿದು, ಆಡಿದ ಪಂದ್ಯದ ಬಗ್ಗೆ ಮಾತಾಡುವ ಫೋನ್ ಆಸಕ್ತಿಯ ಗುರುತು. ಮುಖ್ಯ ಕೋಚ್ ಖುದ್ದಾಗಿ ಬಂದು ನೋಡಿದರೆ ಆಸಕ್ತಿ ಬಲವಾಗಿದೆ ಎಂದರ್ಥ. ಬಾಯಿಮಾತಿನ ಆಫರ್‌ಗೆ ಎರಡು ಕಡೆಯೂ ಕಟ್ಟುಪಾಡಿಲ್ಲ. ಅವರು ಹಿಂದೆ ಸರಿಯಬಹುದು, ನಿಮ್ಮ ಮಗನೂ "ಕಮಿಟ್" ಎಂದು ಪೋಸ್ಟ್ ಹಾಕಿದ ಮೇಲೆ ಮನಸ್ಸು ಬದಲಿಸಬಹುದು.

ಆದ್ದರಿಂದ ಆಫರ್ ಎಂದ ಕೂಡಲೇ ವಿನಯದಿಂದ ಒಂದು ಮಾತು ಕೇಳಿ: "ನಾನು ಇವತ್ತೇ ಒಪ್ಪಿದರೆ ನೀವು ಇವತ್ತೇ ಸ್ವೀಕರಿಸುತ್ತೀರಾ?" ಹೌದು ಎಂದರೆ ಆಫರ್. "ಇನ್ನೊಮ್ಮೆ ಆಟ ನೋಡೋಣ", "ಮೊದಲು ಕ್ಯಾಂಪಸ್ಸಿಗೆ ಬನ್ನಿ" ಎಂದರೆ ನೀವು ಅವರ ಪಟ್ಟಿಯಲ್ಲಿ ನಾಲ್ಕನೆಯವರೋ ಐದನೆಯವರೋ. ಲಿಖಿತ ಆಫರ್ ಕೊಡಲು ಅವಕಾಶವಿರುವುದು ಹನ್ನೆರಡನೇ ತರಗತಿಯ ಆಗಸ್ಟ್ 1ರಿಂದ. ಸಹಿಯ ಮೊದಲ ಅವಧಿ ಶುರುವಾಗುವುದು ನವೆಂಬರಿನಲ್ಲಿ. ಹಿಂದಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರವನ್ನು 2024ರ ಅಕ್ಟೋಬರಿನಲ್ಲಿ ತೆಗೆದುಹಾಕಿದ್ದಾರೆ. ಈಗ ನೆರವಿನ ಒಪ್ಪಂದವೇ ಆ ಕೆಲಸ ಮಾಡುತ್ತದೆ, ಸಹಿಯಾದ ಮೇಲೆ ಬೇರೆ ಶಾಲೆಗಳು ಸಂಪರ್ಕಿಸುವಂತಿಲ್ಲ.

"ಪ್ರಿಫರ್ಡ್ ವಾಕ್-ಆನ್" ಎಂದರೆ ತಂಡದಲ್ಲಿ ಜಾಗವುಂಟು, ದುಡ್ಡಿಲ್ಲ. 15ರ ಮಿತಿ ಬಂದ ಮೇಲೆ ಆ ಜಾಗವೂ ಅಲುಗಾಡುತ್ತಿದೆ.

ಓದಿನಲ್ಲಿ ಎಷ್ಟು ಬೇಕು? ಪಾಸಾದರೆ ಸಾಲದೇ?

ಸಾಲದು. ಡಿವಿಷನ್ 1ಕ್ಕೆ ಹೈಸ್ಕೂಲಿನ ನಾಲ್ಕು ವರ್ಷದಲ್ಲಿ 16 ಕೋರ್ ಕೋರ್ಸ್ ಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೂ 1, ಸಮಾಜ ವಿಜ್ಞಾನ 2, ಮೇಲೆ ಹೇಳಿದ ವಿಷಯಗಳಿಂದಲೋ ವಿದೇಶಿ ಭಾಷೆಯಿಂದಲೋ ಮತ್ತೆ 4. ಗಣಿತ ಆಲ್ಜೀಬ್ರಾ 1 ಅಥವಾ ಅದಕ್ಕಿಂತ ಮೇಲಿನದಾಗಿರಬೇಕು. ಈ ಕೋರ್ಸುಗಳ ಜಿಪಿಎ ಕನಿಷ್ಠ 2.3, ಡಿವಿಷನ್ 2ಕ್ಕೆ 2.2. ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳ ಅಂಕವನ್ನು ಎನ್‌ಸಿಎಎ ಈಗ ಕೇಳುವುದಿಲ್ಲ. ಕಾಲೇಜು ಕೇಳಬಹುದು, ಅದು ಬೇರೆ ಮಾತು.

ಲೆಕ್ಕ ಹೀಗೆ: ಎಗೆ 4, ಬಿಗೆ 3, ಸಿಗೆ 2, ಡಿಗೆ 1. ಎ ಮೈನಸ್ ಕೂಡ 4, ಬಿ ಪ್ಲಸ್ ಕೂಡ 3. 16 ಕೋರ್ಸಿಗೆ 2.3ರಂತೆ 36.8 ಅಂಕ ಬೇಕು. ನಾಲ್ಕು ಬಿ, ಹನ್ನೆರಡು ಸಿ ಬಂದರೆ 36, ಅಂದರೆ 2.25, ಅನರ್ಹ. ಐದು ಬಿ, ಹನ್ನೊಂದು ಸಿ ಆದರೆ 37, ಪಾರು. 2.0ರಿಂದ 2.3ರ ನಡುವೆ ಸಿಕ್ಕಿಕೊಂಡವರನ್ನು ಅಕಾಡೆಮಿಕ್ ರೆಡ್‌ಶರ್ಟ್ ಎನ್ನುತ್ತಾರೆ: ಸ್ಕಾಲರ್‌ಶಿಪ್ ಸಿಗಬಹುದು, ಮೊದಲ ವರ್ಷ ಪಂದ್ಯ ಆಡುವಂತಿಲ್ಲ.

ಜಾಣ ಮಕ್ಕಳೂ ಮುಗ್ಗರಿಸುವುದು ಇನ್ನೊಂದು ನಿಯಮದಲ್ಲಿ. 16ರಲ್ಲಿ 10 ಕೋರ್ಸು ಹನ್ನೆರಡನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವಾಗಿರಬೇಕು. ಆ ಏಳರ ಗ್ರೇಡ್ ಅಲ್ಲಿಗೆ ಬೀಗ ಬಿದ್ದಂತೆ, ಆಮೇಲೆ ಮತ್ತೆ ಬರೆದು ಸುಧಾರಿಸಿದರೂ ಲೆಕ್ಕಕ್ಕಿಲ್ಲ. ಪ್ರತಿ ಹೈಸ್ಕೂಲಿಗೂ ಎನ್‌ಸಿಎಎ ಒಪ್ಪಿದ ಕೋರ್ಸುಗಳ ಪಟ್ಟಿಯಿದೆ. ಒಂಬತ್ತನೇ ತರಗತಿಯಲ್ಲೇ ಅದನ್ನು ತೆಗೆದು ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟು ಕೋರ್ಸಿನ ಹೆಸರನ್ನು ಅಕ್ಷರಕ್ಕಕ್ಷರ ಹೋಲಿಸಿ. ಬೇಸಿಗೆಯಲ್ಲಿ ಆನ್‌ಲೈನ್ ತೆಗೆದುಕೊಂಡ ಕೋರ್ಸು ಪಟ್ಟಿಯಲ್ಲಿಲ್ಲ ಎಂದು ಮೇ ತಿಂಗಳಲ್ಲಿ ತಿಳಿದರೆ ಮಾಡುವುದೇನೂ ಉಳಿದಿರುವುದಿಲ್ಲ.

ಕ್ಯಾಂಪಸ್ ಭೇಟಿಯಲ್ಲಿ ಏನು ಕೇಳಬೇಕು?

ಅಫಿಷಿಯಲ್ ವಿಸಿಟ್ ಖರ್ಚು ಕಾಲೇಜಿನದು. ಆಟಗಾರನ ಜೊತೆ ಮನೆಯ ಇಬ್ಬರ ಪ್ರಯಾಣ, ಊಟ, ವಸತಿಯನ್ನೂ ಅವರು ಭರಿಸಬಹುದು. ಹೆಚ್ಚೆಂದರೆ ಎರಡು ರಾತ್ರಿ. ಒಂದು ಶಾಲೆಗೆ ಸಾಮಾನ್ಯವಾಗಿ ಒಂದೇ ಸಲ, ಮುಖ್ಯ ಕೋಚ್ ಬದಲಾದರೆ ಇನ್ನೊಂದು ಸಲ. ಎಷ್ಟು ಶಾಲೆಗೆ ಬೇಕಾದರೂ ಹೋಗಬಹುದು.

ದೀಪ ಹಾಕಿದ ಅರೀನಾದಲ್ಲಿ ಜೆರ್ಸಿ ತೊಡಿಸಿ ಫೋಟೊ ತೆಗೆಯುತ್ತಾರೆ, ಖುಷಿಪಡಲಿ. ನೀವು ಕೇಳಬೇಕಾದದ್ದು ಬೇರೆ. ಇವನ ಜಾಗದಲ್ಲಿ ಮುಂದಿನ ವರ್ಷ ಯಾರು ಉಳಿಯುತ್ತಾರೆ, ಇನ್ನೆಷ್ಟು ಜನರಿಗೆ ಆಫರ್ ಕೊಟ್ಟಿದ್ದೀರಿ? ಕೋಚ್‌ನ ಒಪ್ಪಂದ ಎಂದಿಗೆ ಮುಗಿಯುತ್ತದೆ? ಈ ತಂಡದಲ್ಲಿದ್ದುಕೊಂಡೇ ಎಂಜಿನಿಯರಿಂಗ್ ಅಥವಾ ಪ್ರೀ-ಮೆಡ್ ಮುಗಿಸಿದವರು ಯಾರಾದರೂ ಇದ್ದಾರೆಯೇ? ಮಧ್ಯಾಹ್ನದ ಪ್ರಾಕ್ಟೀಸ್ ಮತ್ತು ಲ್ಯಾಬ್ ಒಂದೇ ಹೊತ್ತಿಗೆ ಬಿದ್ದರೆ ಯಾವುದು ಬಿಡಬೇಕು? ಋತುವಿನಲ್ಲಿ ವಾರಕ್ಕೆ 20 ಗಂಟೆಯ ಮಿತಿ ಕಾಗದದ ಮೇಲಿದೆ. ಆದರೆ ಪ್ರಯಾಣ, ಫಿಸಿಯೊ ಹೊತ್ತು ಅದರಲ್ಲಿ ಸೇರುವುದಿಲ್ಲ, ಪಂದ್ಯದ ದಿನವನ್ನು 3 ಗಂಟೆಯೆಂದಷ್ಟೇ ಎಣಿಸುತ್ತಾರೆ. ನಿಜ ಸ್ಥಿತಿ ತಿಳಿಯಬೇಕಾದರೆ ಕೋಚ್ ಇಲ್ಲದ ಹೊತ್ತಿನಲ್ಲಿ, ಬೆಂಚಿನಲ್ಲೇ ಕೂರುವ ಎರಡನೇ ವರ್ಷದ ಆಟಗಾರನ ಜೊತೆ ಮಗ ಮಾತಾಡಲಿ.

ಒಪ್ಪಂದದ ಕಾಗದದಲ್ಲಿ ಎಲ್ಲಿ ಕಣ್ಣಿಡಬೇಕು?

ಅವಧಿ ಎಷ್ಟು ವರ್ಷ ಎಂಬುದರ ಮೇಲೆ. ನಾಲ್ಕು ವರ್ಷದ್ದೆಂದು ಬಾಯಲ್ಲಿ ಹೇಳಿ ಒಂದು ವರ್ಷದ ಕಾಗದ ಕೊಡುವುದುಂಟು. ಆಮೇಲೆ ಏನೇನು ಸೇರಿದೆ: ಟ್ಯೂಷನ್, ವಸತಿ, ಊಟ, ಪುಸ್ತಕ, ಬೇಸಿಗೆ ತರಗತಿ. ಒಪ್ಪಂದದ ಅವಧಿಯ ಒಳಗೆ ಗಾಯವಾಯಿತೆಂದೋ ಆಟ ಕುಗ್ಗಿತೆಂದೋ ನೆರವು ಕಡಿತ ಮಾಡುವಂತಿಲ್ಲ. ಅವಧಿ ಮುಗಿದ ಮೇಲೆ ನವೀಕರಿಸದೆ ಬಿಟ್ಟರೆ ಜುಲೈ 1ರೊಳಗೆ ಲಿಖಿತವಾಗಿ ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಆದಾಯ ಹಂಚಿಕೆಯ ಹಣ (ಕಾಲೇಜು ಕ್ರೀಡಾ ಆದಾಯದಲ್ಲಿ ಆಟಗಾರರಿಗೆ ಕೊಡುವ ಪಾಲು) ಇದ್ದರೆ ಅದರ ಒಪ್ಪಂದ ಬೇರೆಯೇ ಇರುತ್ತದೆ. ಬಿಟ್ಟುಹೋದರೆ ಹಣ ಮರಳಿಸಬೇಕೆಂಬ ಷರತ್ತು ಅದರಲ್ಲಿದೆಯೇ ಎಂದು ವಕೀಲರಿಗೆ ತೋರಿಸಿ.

ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಹೈಸ್ಕೂಲ್ ಮಕ್ಕಳನ್ನು ಕೇಳುವವರಿಲ್ಲ ಎನ್ನುತ್ತಾರೆ. ನಿಜವೇ?

ಬಹುಮಟ್ಟಿಗೆ ನಿಜ. ಕಾಲೇಜು ಬದಲಿಸಬೇಕೆಂದಿರುವ ಆಟಗಾರರು ಹೆಸರು ಹಾಕುವ ಎನ್‌ಸಿಎಎ ಪಟ್ಟಿಯೇ ಈ ಪೋರ್ಟಲ್. 2024ರಿಂದ ಓದಿನಲ್ಲಿ ಅರ್ಹರಾದ ಆಟಗಾರರು ಎಷ್ಟು ಸಲ ಬೇಕಾದರೂ ಶಾಲೆ ಬದಲಿಸಿ ತಕ್ಷಣ ಆಡಬಹುದು. ಕೆಲಸ ಉಳಿಸಿಕೊಳ್ಳಬೇಕಾದ ಕೋಚ್‌ಗೆ 18ರ ಹುಡುಗನಿಗಿಂತ, ಕಾಲೇಜಿನಲ್ಲಿ ಆಡಿ ಮೈಕಟ್ಟು ಬಂದ 22ರವನು ವಾಸಿ. ಅದಕ್ಕೇ ವಸಂತದಲ್ಲಿ ಪೋರ್ಟಲ್ ತೆರೆಯುವವರೆಗೂ ಕೆಲವು ಜಾಗಗಳನ್ನು ಖಾಲಿ ಇಟ್ಟುಕೊಳ್ಳುತ್ತಾರೆ. ಮಧ್ಯಮ ದರ್ಜೆಯ ಡಿವಿಷನ್ 1 ಆಟಗಾರರಿಗೆ ಇದರ ಹೊಡೆತ ಹೆಚ್ಚು. ಇಂಥವರು ನವೆಂಬರಿನಲ್ಲಿ ಕೈಗೆ ಬಂದ ಗಟ್ಟಿ ಕಾಗದವನ್ನು, ಏಪ್ರಿಲ್‌ನಲ್ಲಿ ದೊಡ್ಡದು ಬಂದೀತೆಂದು ಬಿಡಬಾರದು. ಸಣ್ಣ ಶಾಲೆಯಲ್ಲಿ ಎರಡು ವರ್ಷ ಚೆನ್ನಾಗಿ ಆಡಿದವನಿಗೆ ಅದೇ ಪೋರ್ಟಲ್ ಮೇಲಕ್ಕೆ ಏರುವ ದಾರಿಯೂ ಆಗುತ್ತದೆ.

ಅದೇ ತರಗತಿಯನ್ನು ಮತ್ತೆ ಓದಿಸಿ ಒಂದು ವರ್ಷ ಹಿಂದೆ ಹಾಕಿಸಿದರೆ ಲಾಭವೇ?

ಎಂಟನೇ ತರಗತಿ ಪುನರಾವರ್ತಿಸಿದರೆ ಎನ್‌ಸಿಎಎ ಲೆಕ್ಕಕ್ಕೆ ತೊಂದರೆಯಿಲ್ಲ. ಒಂಬತ್ತು ಶುರುವಾದ ದಿನದಿಂದ ಎಂಟು ಸೆಮಿಸ್ಟರಿನ ಗಡಿಯಾರ ಓಡುತ್ತದೆ. ಅದು ಮುಗಿದ ಮೇಲೆ, ಕಾಲೇಜಿಗೆ ಸಿದ್ಧಗೊಳಿಸುವ ಪ್ರೆಪ್ ಶಾಲೆಯಲ್ಲಿ ಓದಿದ್ದರಲ್ಲಿ ಡಿವಿಷನ್ 1ಕ್ಕೆ ಒಂದೇ ಒಂದು ಕೋರ್ಸು ಲೆಕ್ಕಕ್ಕೆ ಬರುತ್ತದೆ. ಮೈ ಬೆಳೆಯಲು ಪ್ರೆಪ್ ವರ್ಷ ಸಹಾಯ ಮಾಡಬಹುದು, ಬಿದ್ದ ಜಿಪಿಎ ಎತ್ತಲು ಹೆಚ್ಚೇನೂ ಮಾಡದು.

ನಾವಿನ್ನೂ ಎಚ್-1ಬಿಯಲ್ಲಿದ್ದೇವೆ, ಮಗ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ. ಏನಾದರೂ ಅಡ್ಡಿಯಿದೆಯೇ?

ಆಡಲು, ಓದಲು, ಸ್ಕಾಲರ್‌ಶಿಪ್ ಪಡೆಯಲು ಅಡ್ಡಿಯಿಲ್ಲ. ಸರ್ಕಾರದ ಪೆಲ್ ಗ್ರಾಂಟ್, ಫೆಡರಲ್ ಸಾಲ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ಸಾಲು ಮುಂದೆ ಸರಿಯದಿದ್ದರೆ ಮೂರನೇ ವರ್ಷದ ಹೊತ್ತಿಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಿಸಬೇಕಾಗುತ್ತದೆ. ಕೋಚ್‌ಗೆ ಇದು ಮೊದಲೇ ಗೊತ್ತಿರಲಿ, ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯ ಜೊತೆ ಇಪ್ಪತ್ತನೇ ವರ್ಷಕ್ಕೇ ಮಾತಾಡಿ.

ಎಚ್ಚರ ಬೇಕಾದದ್ದು ಎನ್‌ಐಎಲ್ ಹಣದಲ್ಲಿ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಸಂಪಾದಿಸಬಹುದು. ಆದರೆ ಎಚ್-4 ಮಕ್ಕಳಿಗೆ ಕೆಲಸದ ಪರವಾನಗಿಯಿಲ್ಲ, ಎಫ್-1ನಲ್ಲೂ ಅದು ಬಿಗಿ. ತಂಡದ ಗೆಳೆಯನ ಜೊತೆ ಕಾರು ಶೋರೂಮಿನ ಜಾಹೀರಾತಿಗೆ ನಿಂತು ದುಡ್ಡು ಪಡೆದರೆ ವೀಸಾಕ್ಕೇ ಕುತ್ತು. ಎಫ್-1ನಲ್ಲಿದ್ದ ಕೆಂಟಕಿ ವಿಶ್ವವಿದ್ಯಾಲಯದ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ಎನ್‌ಐಎಲ್ ಕೆಲಸ ಮಾಡಿದ್ದು ಈ ಕಾರಣಕ್ಕೇ. ವಲಸೆ ವಕೀಲರನ್ನು ಕೇಳದೆ ಒಂದು ಜೊತೆ ಉಚಿತ ಶೂಗೂ ಸಹಿ ಹಾಕಬೇಡಿ.

ದುಡ್ಡು ಕೊಟ್ಟರೆ ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಎನ್ನುವ ಕಂಪನಿಗಳು?

ವಿಡಿಯೊ ಮಾಡಿಸಲು, ಕಾಲೇಜುಗಳ ಪಟ್ಟಿಗೆ ನಿಗದಿತ ಶುಲ್ಕ ಕೊಡುವುದು ನಿಮಗೆ ಬಿಟ್ಟದ್ದು. ಸಿಕ್ಕ ಸ್ಕಾಲರ್‌ಶಿಪ್‌ನಲ್ಲಿ ಇಷ್ಟು ಪಾಲು ಎಂದು ಕೇಳುವವರಿಂದ ದೂರವಿರಿ. ಎನ್‌ಸಿಎಎ ಅಂಥವರನ್ನು ಏಜೆಂಟ್ ಎಂದು ನೋಡುತ್ತದೆ, ಆಟಗಾರನ ಅರ್ಹತೆಗೇ ಪೆಟ್ಟು.

ಮಗಳು ಬೆಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಅಲ್ಲಿಂದ ನೇರ ಹೋಗಬಹುದೇ?

ಹೋಗಬಹುದು. ಎನ್‌ಸಿಎಎ 9, 10, ಮೊದಲ ಪಿಯು, ಎರಡನೇ ಪಿಯು ಎಂಬ ನಾಲ್ಕು ವರ್ಷವನ್ನು ಹೈಸ್ಕೂಲ್ ಎಂದು ಎಣಿಸುತ್ತದೆ, ನಾಲ್ಕೂ ವರ್ಷದ ಅಂಕಪಟ್ಟಿ ಬೇಕು. ಒಂಬತ್ತನೇ ತರಗತಿಯದನ್ನು ಶಾಲೆ ಬಿಡುವಾಗಲೇ ಸೀಲು, ಸಹಿ ಸಮೇತ ತೆಗೆದಿಡಿ, ಆಮೇಲೆ ಹುಡುಕುವುದು ಕಷ್ಟ.

ಕಾಂಬಿನೇಷನ್ ಆರಿಸುವಾಗಲೇ 16ರ ಲೆಕ್ಕ ನೋಡಬೇಕು. ಕಾಮರ್ಸ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ತೆಗೆದುಕೊಂಡರೆ ಗಣಿತ 9 ಮತ್ತು 10ನೇ ತರಗತಿಗೆ ನಿಂತುಹೋಗುತ್ತದೆ, ಡಿವಿಷನ್ 1ಕ್ಕೆ ಬೇಕಾದ ಮೂರನೇ ವರ್ಷದ ಗಣಿತ ಇರುವುದಿಲ್ಲ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ಕೋರ್ ಎಂದು ಲೆಕ್ಕಕ್ಕೆ ಬರುವುದಿಲ್ಲ. ಗಣಿತ ಅಥವಾ ಸಂಖ್ಯಾಶಾಸ್ತ್ರವಿರುವ ಕಾಂಬಿನೇಷನ್ ಸುರಕ್ಷಿತ.

ಎರಡನೇ ಪಿಯು ಮುಗಿದ ಮೇಲೆ ಒಂದು ವರ್ಷದ ಬಿಡುವು ಸಿಗುತ್ತದೆ. ಅದು ದಾಟಿದ ನಂತರವೂ ಕ್ಲಬ್ ಪರವಾಗಿ ಟೂರ್ನಿ ಆಡುತ್ತಿದ್ದರೆ ಕಾಲೇಜಿನ ಆಟದ ವರ್ಷಗಳು ಕಡಿತವಾಗುತ್ತವೆ. ಸಂಬಳದ ಒಪ್ಪಂದಕ್ಕಂತೂ ಸಹಿ ಹಾಕಬಾರದು. ಎಫ್-1ನಲ್ಲಿ ಹೋದವರ ವಸತಿ ಮತ್ತು ಊಟದ ಸ್ಕಾಲರ್‌ಶಿಪ್ ಮೇಲೆ 14 ಶೇಕಡಾ ತೆರಿಗೆ ಹಿಡಿಯುತ್ತಾರೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತೀಯ ವಿದ್ಯಾರ್ಥಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಉಂಟು, ರಿಟರ್ನ್ ಹಾಕಿದರೆ ಅದರಲ್ಲಿ ಬಹುಪಾಲು ವಾಪಸ್ ಬರುವುದುಂಟು.

ಸಹಿ ಆಯಿತು. ಇನ್ನು ನಿರಾಳವೇ?

ಇನ್ನೂ ಇಲ್ಲ. ಹನ್ನೆರಡನೇ ತರಗತಿಯ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಶಾಲೆಯಿಂದಲೇ ನೇರವಾಗಿ ಎನ್‌ಸಿಎಎ ಅರ್ಹತಾ ಕೇಂದ್ರಕ್ಕೆ ಹೋಗಬೇಕು, ಮನೆಯವರು ಕಳಿಸಿದ್ದನ್ನು ಒಪ್ಪುವುದಿಲ್ಲ. ಜೂನ್‌ನಲ್ಲಿ ಕೌನ್ಸೆಲರ್ ರಜೆ ಮೇಲೆ ಹೋಗುವ ಮೊದಲೇ ಇದನ್ನು ಮಾಡಿಸಿ. ಏಪ್ರಿಲ್ 1ರ ನಂತರ ಆ ಕೇಂದ್ರದ ಖಾತೆಗೆ ಲಾಗಿನ್ ಆಗಿ ಅಂತಿಮ ಹವ್ಯಾಸಿ ಪ್ರಮಾಣೀಕರಣಕ್ಕೆ ಕೋರಿಕೆ ಸಲ್ಲಿಸಬೇಕು, ಈ ಒಂದು ಬಟನ್ ಮರೆತು ಆಗಸ್ಟಿನಲ್ಲಿ ಪ್ರಾಕ್ಟೀಸಿನಿಂದ ಹೊರಗೆ ನಿಂತವರಿದ್ದಾರೆ. ಮೊದಲ ಪ್ರಾಕ್ಟೀಸಿಗೆ ಹಿಂದಿನ ಆರು ತಿಂಗಳೊಳಗಿನ ವೈದ್ಯಕೀಯ ತಪಾಸಣೆ ಮತ್ತು ಸಿಕಲ್ ಸೆಲ್ ಟ್ರೇಟ್ ರಕ್ತಪರೀಕ್ಷೆಯ ವರದಿ ಬೇಕು. ಮಗು ಅಮೆರಿಕದಲ್ಲಿ ಹುಟ್ಟಿದ್ದರೆ ಆ ಫಲಿತಾಂಶ ನವಜಾತ ಶಿಶುವಿನ ತಪಾಸಣೆಯ ದಾಖಲೆಯಲ್ಲೇ ಇರುತ್ತದೆ, ಮಕ್ಕಳ ವೈದ್ಯರ ಕಚೇರಿಯಲ್ಲಿ ವಿಚಾರಿಸಿ.